ಇನ್ನೂರೈವತ್ತರಲ್ಲಿ ಒಬ್ಬರು

ಫ್ರಿಜ್ಜಿನಲ್ಲಿದ್ದ ಓ ಪಾಸಿಟಿವ್ ಚೀಲಗಳನ್ನೆಲ್ಲ ಒಂದೊಂದಾಗಿ ಕ್ರಾಸ್‌ಮ್ಯಾಚ್ ಮಾಡಿ ನೋಡಿದೆ. ಒಂದೂ ಹೊಂದಲಿಲ್ಲ.

ಕ್ರಾಸ್‌ಮ್ಯಾಚ್ ಅಂದರೆ ಇಷ್ಟೇ. ರೋಗಿಯ ಸೀರಮ್ಮಿಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ, ದಾನಿಯ ಕೆಂಪುಕಣಗಳ ಒಂದು ಹನಿ ಸೇರಿಸಬೇಕು. ಮೈಯಷ್ಟೇ ಬಿಸಿ ಇರುವ ನೀರಿನ ತೊಟ್ಟಿಯಲ್ಲಿ ಟ್ಯೂಬನ್ನು ನಿಲ್ಲಿಸಿ, ಆಮೇಲೆ ಉಪ್ಪುನೀರಿನಲ್ಲಿ ಮೂರು ಸಲ ತೊಳೆದು, ವಿರೋಧವಿದ್ದರೆ ತೋರಿಸಿಕೊಡುವ ಕೂಂಬ್ಸ್ ಎಂಬ ದ್ರಾವಣ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಕಣಗಳು ಟ್ಯೂಬಿನ ತಳದಲ್ಲಿ ಕೆಂಪು ಗುಂಡಿಯ ಹಾಗೆ ಕೂತಿರುತ್ತವೆ. ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಅವು ಹೊಗೆಯಂತೆ ಎದ್ದು ಹರಡಿಕೊಂಡರೆ ಆ ರಕ್ತ ಕೊಡಬಹುದು. ಗುಂಪುಗಟ್ಟಿ ತುಂಡುತುಂಡಾಗಿ ಎದ್ದರೆ ಕೊಡುವ ಹಾಗಿಲ್ಲ. ಅವತ್ತು ಎಲ್ಲ ಟ್ಯೂಬುಗಳಲ್ಲೂ ತುಂಡುಗಳೇ ಎದ್ದವು.

ನಾನು ಆಗ ನಂಜನಗೂಡಿನ ಒಂದು ಟ್ರಸ್ಟ್ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನೀಷಿಯನ್ ಆಗಿದ್ದೆ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ದಿನವಾಗಿತ್ತು. ಮೊಬೈಲು ನಮ್ಮ ದೊಡ್ಡ ಡಾಕ್ಟರ ಹತ್ತಿರ ಮಾತ್ರ ಇತ್ತು. ಬ್ಲಡ್ ಬ್ಯಾಂಕ್ ಅಂದರೆ ಎರಡು ಕೋಣೆ: ಒಂದರಲ್ಲಿ ರಕ್ತ ತೆಗೆಯುವ ಮಂಚ, ಇನ್ನೊಂದರಲ್ಲಿ ನಾನು, ನನ್ನ ಟ್ಯೂಬುಗಳು.

ರೋಗಿ ಟಿ. ನರಸೀಪುರದ ಕಡೆಯ ಒಂದು ಹಳ್ಳಿಯಿಂದ ಬಂದಿದ್ದ ಹೆಣ್ಣುಮಗಳು. ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಹುಟ್ಟಿನಿಂದಲೇ ರಕ್ತ ಕಡಿಮೆಯಾಗುವ ಕಾಯಿಲೆ, ತಲಸ್ಸೀಮಿಯಾದ ಅಷ್ಟೇನೂ ಉಗ್ರವಲ್ಲದ ಬಗೆ. ಚಿಕ್ಕವಳಿದ್ದಾಗ ಆಗಾಗ ರಕ್ತ ಹಾಕಿಸಿಕೊಂಡಿದ್ದಳು. ದೊಡ್ಡವಳಾದ ಮೇಲೆ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಬಸುರಾದ ಮೇಲೆ ಇದ್ದ ಅಷ್ಟೂ ಬಲ ಇಳಿದುಹೋಯಿತು. ಬೇರೊಂದು ಕಡೆ ಒಂದು ಚೀಲ ರಕ್ತ ಹಾಕಿಸಿದಾಗ ಚಳಿ ಬಂದು ನಡುಗಿ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿತ್ತಂತೆ. ಅಲ್ಲಿಂದ ನಮ್ಮಲ್ಲಿಗೆ ಕಳಿಸಿದ್ದರು. ಹಿಮೋಗ್ಲೋಬಿನ್ ನಾಲ್ಕಿತ್ತು. ಹನ್ನೊಂದಾದರೂ ಇರಬೇಕಾದ ಕಡೆ ನಾಲ್ಕು.

"ಎರಡು ಚೀಲ ಸಿದ್ಧ ಇಟ್ಟುಕೊಳ್ಳದೆ ನಾನು ಈ ಹೆರಿಗೆಗೆ ಕೈ ಹಾಕಲ್ಲ" ಎಂದರು ನಮ್ಮ ಹೆರಿಗೆ ಡಾಕ್ಟರು. ಅವರು ಮೈಸೂರಿನವರು, ಮಾತು ಕಡಿಮೆ. "ನಿಮಗೆ ಆರು ವಾರ ಟೈಮಿದೆ."

ಅವಳ ಸೀರಮ್ಮನ್ನು ಥರ್ಮಾಸಿನಲ್ಲಿ ಐಸು ತುಂಬಿಸಿ ಬೆಂಗಳೂರಿನ ಒಂದು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ತೆಗೆದುಕೊಂಡು ಹೋದವನು ಅವಳ ಗಂಡ. ಪ್ರೈಮರಿ ಶಾಲೆಯ ಮೇಷ್ಟ್ರು, ತೆಳ್ಳಗಿನ ಮನುಷ್ಯ, ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುವವನು. ಅಲ್ಲಿನ ಹಿರಿಯ ಡಾಕ್ಟರು ಫೋನಿನಲ್ಲಿ ಫಲಿತಾಂಶ ಹೇಳಿದರು. ಎ, ಬಿ, ಓ ಅಲ್ಲದೆ ಕೆಂಪುಕಣದ ಮೇಲೆ ಇನ್ನೂ ಹಲವು ಗುರುತುಗಳಿರುತ್ತವೆ. ತನ್ನ ಮೈಯಲ್ಲಿ ಇಲ್ಲದ ಗುರುತಿನ ರಕ್ತ ಮತ್ತೆ ಮತ್ತೆ ಒಳಗೆ ಹೋದರೆ ಮೈ ಅದರ ವಿರುದ್ಧ ತಿರುಗಿ ಬೀಳುವುದನ್ನು ಕಲಿತುಬಿಡುತ್ತದೆ. ಇವಳ ಮೈ ನಾಲ್ಕು ಗುರುತುಗಳ ವಿರುದ್ಧ ತಿರುಗಿ ಬಿದ್ದಿತ್ತು: ಸಣ್ಣ ಸಿ, ದೊಡ್ಡ ಇ, ಕಿಡ್ ಎ, ಡಫಿ ಎ. ಓ ಗುಂಪಿನವರಾಗಿದ್ದು, ಈ ನಾಲ್ಕು ಗುರುತುಗಳಲ್ಲಿ ಒಂದೂ ಇಲ್ಲದವರ ರಕ್ತ ಮಾತ್ರ ಅವಳಿಗೆ ಆಗುತ್ತಿತ್ತು.

ಎಷ್ಟು ಜನರಲ್ಲಿ ಒಬ್ಬರು ಸಿಗಬಹುದು? ಪಿಯುಸಿಯಲ್ಲಿ ನಾಣ್ಯ ಚಿಮ್ಮಿ, ದಾಳ ಉರುಳಿಸಿ ಕಲಿತ ಲೆಕ್ಕ ಅದು. ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳೆಲ್ಲ ಒಟ್ಟಿಗೆ ನಡೆಯುವ ಸಂಭವ ಬೇಕಾದರೆ ಒಂದೊಂದರ ಪಾಲನ್ನೂ ಗುಣಿಸುತ್ತಾ ಹೋಗಬೇಕು. ನಾನು ಹಳೆಯ ರಿಪೋರ್ಟಿನ ಹಿಂಬದಿಯಲ್ಲಿ ಗುಣಿಸಿದೆ. ಬಂದದ್ದು ಮುನ್ನೂರು ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ಸರಿಯೇ ಎಂದು ಕೇಳಿದೆ.

"ಅಲ್ಲಮ್ಮ, ಸಿ ಮತ್ತು ಇ ಎರಡನ್ನೂ ಬೇರೆಬೇರೆ ಗುಣಿಸಬೇಡಿ" ಎಂದರು ಅವರು. "ಅವೆರಡೂ ಒಂದೇ ಗಂಟಿನಲ್ಲಿ ಬರ್ತವೆ. ಸಣ್ಣ ಸಿ ಇಲ್ಲದವರಲ್ಲಿ ದೊಡ್ಡ ಇ ಹೆಚ್ಚುಕಡಿಮೆ ಇರೋದೇ ಇಲ್ಲ. ಸಂಬಂಧ ಇರೋದನ್ನ ಗುಣಿಸಿದರೆ ಲೆಕ್ಕ ಸುಳ್ಳಾಗ್ತದೆ. ಒಂದು ಸಲ ಮಾತ್ರ ತಗೊಳ್ಳಿ."

ಮತ್ತೆ ಗುಣಿಸಿದೆ. ನಮ್ಮ ಕಡೆ ಓ ಗುಂಪಿನವರು ಸುಮಾರು ಐವರಲ್ಲಿ ಇಬ್ಬರು. ಸಣ್ಣ ಸಿ ಇಲ್ಲದವರೂ ಐವರಲ್ಲಿ ಇಬ್ಬರು. ಕಿಡ್ ಎ ಇಲ್ಲದವರು ಐವರಲ್ಲಿ ಒಬ್ಬರು. ಡಫಿ ಎ ಇಲ್ಲದವರು ಎಂಟರಲ್ಲಿ ಒಬ್ಬರು. ಒಂದೊಂದಾಗಿ ನೋಡಿದರೆ ಯಾವುದೂ ಅಪರೂಪವಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಲ್ಲೇ ಇರುವಂಥವು. ನಾಲ್ಕನ್ನೂ ಒಟ್ಟಿಗೆ ಬೇಕು ಎಂದ ಕೂಡಲೇ ಉತ್ತರ ಸಾವಿರಕ್ಕೆ ನಾಲ್ಕು. ಇನ್ನೂರೈವತ್ತರಲ್ಲಿ ಒಬ್ಬರು.

ವಾರ್ಡಿಗೆ ಹೋಗಿ ಅವಳಿಗೆ ಹೇಳಿದೆ. ಅವಳೇ ಕೇಳಿದ್ದಳು. ಬಿಳಿಚಿಕೊಂಡ ಮುಖ, ಉಸಿರಿಗೊಮ್ಮೆ ನಿಲ್ಲುವ ಮಾತು, ಆದರೆ ಕಣ್ಣು ಚುರುಕು. ಮದುವೆಗೆ ಮುಂಚೆ ತಾಂಡ್ಯದ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದಳು.

"ಇನ್ನೂರೈವತ್ತು ಜನಾನೂ ಪರೀಕ್ಷೆ ಮಾಡುದ್ರೆ ಒಬ್ರು ಸಿಕ್ಕೇ ಸಿಕ್ತಾರಾ ಮೇಡಂ?"

"ಅಂಗೇನಿಲ್ಲ" ಎಂದೆ. ಅವಳ ಮುಂದೆ ನನ್ನ ಮಾತೂ ಅವಳ ಮಾತಿನಂತೆಯೇ ಆಗುತ್ತಿತ್ತು. "ಮೊದಲ್ನೇ ದಿನಾನೇ ಇಬ್ರು ಸಿಗಬೌದು. ಐನೂರು ಜನ ಆದ್ರೂ ಸಿಗ್ದೇನೂ ಇರಬೌದು."

"ನಮ್ ಫ್ಯಾಕ್ಟ್ರೀಲಿ ಲಾಟ್ರಿ ತಗಳೋರು ಇಂಗೇ ಏಳೋರು" ಎಂದು ನಕ್ಕಳು. ನಗು ಕೆಮ್ಮಾಯಿತು.

ನಾನು ಅವಳಿಗೆ ಹೇಳದ ಒಂದು ಲೆಕ್ಕವಿತ್ತು. ಗುಂಪು ನೋಡಿ ಓ ಆದವರನ್ನು ಮಾತ್ರ ಮುಂದಿನ ಪರೀಕ್ಷೆಗೆ ತೆಗೆದುಕೊಂಡರೆ ನೂರರಲ್ಲಿ ಒಬ್ಬರು. ಆದರೆ ನೂರು ಜನ ಓ ಗುಂಪಿನವರನ್ನು ಪರೀಕ್ಷಿಸಿದ ಮೇಲೂ ಒಬ್ಬರೂ ಸಿಗದಿರುವ ಸಂಭವ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ನೂರರಲ್ಲಿ ಒಬ್ಬರು ಎನ್ನುವ ಮಾತಿನಲ್ಲಿ ಕಿವಿಗೆ ಕೇಳುವ ಭರವಸೆ ಲೆಕ್ಕದಲ್ಲಿ ಇರಲಿಲ್ಲ.

ಕೆಲಸ ಶುರು ಮಾಡಿದೆವು. ಕಿಡ್, ಡಫಿ ಪರೀಕ್ಷೆಯ ದ್ರಾವಣಗಳು ಬೆಂಗಳೂರಿನಿಂದ ಬೆರಳುದ್ದದ ಸೀಸೆಗಳಲ್ಲಿ ಬಂದವು. ಅವು ಮುಗಿದರೆ ಮತ್ತೆ ಸಿಗುವುದು ಯಾವಾಗಲೋ. ಅವಳ ಸೀರಮ್ಮಿನಿಂದಲೇ ಎಲ್ಲರನ್ನೂ ಪರೀಕ್ಷಿಸೋಣವೆಂದರೆ, ರಕ್ತವಿಲ್ಲದವಳಿಂದ ದಿನವೂ ರಕ್ತ ತೆಗೆಯುವುದು ಹೇಗೆ? ಅದಕ್ಕೆ ಒಂದು ಕ್ರಮ ಮಾಡಿಕೊಂಡೆ. ಮೊದಲು ಗುಂಪು. ಆಮೇಲೆ ಸುಲಭವಾಗಿ ಸಿಗುತ್ತಿದ್ದ ಸಣ್ಣ ಸಿ ದ್ರಾವಣ. ಅದರಲ್ಲಿ ಪಾಸಾದವರಿಗೆ ಮಾತ್ರ ಕಿಡ್. ಅದರಲ್ಲೂ ಉಳಿದವರಿಗೆ ಡಫಿ. ಎಲ್ಲ ದಾಟಿ ಬಂದವರಿದ್ದರೆ ಕೊನೆಗೆ ಅವಳ ಸೀರಮ್ಮು. ಜರಡಿಯ ಮೇಲೆ ಜರಡಿ.

ತಾಂಡ್ಯದ ಕಾರ್ಖಾನೆಗಳ ಗೇಟಿಗೆ ಹೋದೆವು. ಒಂದು ಕಾರ್ಖಾನೆಯವರು ಶಿಫ್ಟು ಬದಲಾಗುವ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಜಾಗ ಕೊಟ್ಟರು. ಕೆಲಸಗಾರರು ಕೈ ಒರೆಸಿಕೊಂಡು ಸಾಲುಗಟ್ಟಿದರು. ಬೆರಳ ತುದಿಯಿಂದ ಒಂದೆರಡು ಹನಿ, ಅಷ್ಟೇ ಬೇಕಿತ್ತು. ಟಿ. ನರಸೀಪುರದಲ್ಲಿ ಒಂದು ಕಾಲೇಜಿನ ವರಾಂಡದಲ್ಲಿ ಮೇಜು ಹಾಕಿಕೊಂಡು ಕೂತೆವು. ಮೇಷ್ಟ್ರು ಶಾಲೆ ಮುಗಿಸಿ ಬಂದು, ಹೆಸರು ಬರೆದುಕೊಳ್ಳುವ ಕೆಲಸ ತಾನೇ ಮಾಡುತ್ತಿದ್ದ. ಅವನ ಊರಿನ ಕೇರಿಯ ಜನ ಒಂದು ಟೆಂಪೋ ಮಾಡಿಕೊಂಡು ನಂಜನಗೂಡಿಗೇ ಬಂದರು. ಅವರಲ್ಲಿ ಒಬ್ಬ ಅಜ್ಜಿ, ವಯಸ್ಸಾಯಿತು ಬೇಡ ಎಂದರೂ ಎದ್ದು ಹೋಗಲಿಲ್ಲ. "ಬುದ್ಧ ಯಾರ್ನೂ ವಯಸ್ಸು ಕೇಳ್ನಿಲ್ಲ ಕವ್ವ" ಎಂದಳು.

ಜನ ಬಂದರು. ರಕ್ತ ಹೊಂದಲಿಲ್ಲ. ಕಿಡ್ ದಾಟಿದವರು ಡಫಿಯಲ್ಲಿ ಬಿದ್ದುಹೋಗುತ್ತಿದ್ದರು. ಪ್ರತಿ ಸಲವೂ ಬೆರಳಿನಿಂದ ಟ್ಯೂಬು ತಟ್ಟುವಾಗ ಹೊಗೆ ಎದ್ದೀತು ಅನ್ನಿಸುತ್ತಿತ್ತು, ತುಂಡು ಏಳುತ್ತಿತ್ತು. ಮೂರನೆಯ ವಾರದ ಕೊನೆಗೆ ತಾಂಡ್ಯದಿಂದ ತಂದ ಮಾದರಿಗಳಲ್ಲಿ ಒಂದು ಎಲ್ಲ ಜರಡಿಗಳನ್ನೂ ದಾಟಿತು. ಅವಳ ಸೀರಮ್ಮಿನ ಜೊತೆ ಇಟ್ಟೆ. ಹೊಗೆ ಎದ್ದಿತು. ನಂಬಿಕೆಯಾಗದೆ ಮತ್ತೊಮ್ಮೆ ಮಾಡಿದೆ. ಆ ಮನುಷ್ಯ ಪೇಂಟ್ ಡಬ್ಬಿಗಳಿಗೆ ಮುಚ್ಚಳ ಹಾಕುವ ಕೆಲಸದವನು. ಬಂದು ಮಂಚದ ಮೇಲೆ ಮಲಗಿ, ಚೀಲ ತುಂಬುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದ. ಯಾರಿಗೆ ಎಂದೂ ಕೇಳಲಿಲ್ಲ.

ಒಂದು ಚೀಲ ಆಯಿತು. ಒಬ್ಬನಿಂದ ಮತ್ತೊಂದು ಚೀಲ ತೆಗೆಯಬೇಕಾದರೆ ಮೂರು ತಿಂಗಳು ಕಾಯಬೇಕು. ಅಷ್ಟು ದಿನ ನಮ್ಮ ಕೈಯಲ್ಲಿರಲಿಲ್ಲ.

ಅವಳ ಒಡಹುಟ್ಟಿದವರ ವಿಷಯ ಎತ್ತಿದವರು ಬೆಂಗಳೂರಿನ ಡಾಕ್ಟರೇ. "ಹೊರಗಿನವರಿಗೆ ನೀವು ಗುಣಿಸಿದ್ದು ಸರಿ. ಆದರೆ ಅಣ್ಣ-ತಂಗಿ ಮಧ್ಯೆ ಆ ಲೆಕ್ಕ ನಡೆಯಲ್ಲ. ಅವರು ಒಂದೇ ಅಪ್ಪ-ಅಮ್ಮನಿಂದ ಪಡೆದುಕೊಂಡು ಬಂದವರು. ಅವರಲ್ಲಿ ಹತ್ತಕ್ಕೆ ಒಬ್ಬರಾದರೂ ಹೊಂದಬಹುದು. ಮೊದಲು ಅವರನ್ನ ಕರೆಸಿ."

ಇನ್ನೂರೈವತ್ತರಿಂದ ಹತ್ತಕ್ಕೆ! ಓಡುತ್ತಾ ವಾರ್ಡಿಗೆ ಹೋದೆ. ಅವಳಿಗೆ ಹೇಳಿದೆ. ಗಂಡ ಕಿಟಕಿಯ ಕಡೆ ತಿರುಗಿದ. ಆಮೇಲೆ ಅವಳೇ ಹೇಳಿದಳು. ಹೆಡತಲೆ ಎನ್ನುವ ಊರಿನಲ್ಲಿ ಅಣ್ಣ ಮತ್ತು ತಾಯಿ. ತಗಡೂರಿಗೆ ಕೊಟ್ಟಿರುವ ಅಕ್ಕ. ಜಮೀನು, ಹಸು ಇರುವ ಮನೆತನ. ಕೇರಿಯ ಹುಡುಗನನ್ನು ಮದುವೆಯಾದಳೆಂದು ಅಪ್ಪ ಅವಳು ಸತ್ತಳೆಂದೇ ಎಳ್ಳುನೀರು ಬಿಟ್ಟು, ತಿಥಿ ಮಾಡಿ, ಅದಾಗಿ ವರ್ಷ ತುಂಬುವುದರೊಳಗೆ ತಾನೂ ತೀರಿಕೊಂಡಿದ್ದ.

"ಅಕ್ಕುಂಗೆ ಏಳಿ ಕಳ್ಸುದ್ರೆ ಬತ್ತಾಳೆ" ಎಂದಳು. "ಅಣ್ಣಯ್ಯ ಬರಲ್ಲ."

ಅಕ್ಕ ಸೋಮವಾರ ಬಂದಳು. ಮನೆಯಲ್ಲಿ ನಂಜುಂಡೇಶ್ವರನ ದರ್ಶನಕ್ಕೆ ಎಂದು ಹೇಳಿ, ಕೈಯಲ್ಲಿ ಹಣ್ಣುಕಾಯಿಯ ಚೀಲ ಹಿಡಿದೇ ಬಂದಿದ್ದಳು. ತಂಗಿಯ ಮಂಚದ ಪಕ್ಕ ನಿಂತು ಅವಳ ಕಾಲನ್ನು ಒತ್ತುತ್ತಾ ಇದ್ದಳು. ಮಾದರಿ ತೆಗೆದುಕೊಂಡು ಪರೀಕ್ಷೆಗೆ ಕೂತೆ. ಗುಂಪು ಓ. ಸಣ್ಣ ಸಿ ಇಲ್ಲ. ಕಿಡ್ ಎ ಇಲ್ಲ. ಡಫಿ ಎ ಇಲ್ಲ. ತಂಗಿಯ ಸೀರಮ್ಮಿನಲ್ಲಿ ಹೊಗೆಯಂತೆ ಎದ್ದಿತು.

ಆಗ ಹಿಮೋಗ್ಲೋಬಿನ್ ನೋಡಿದೆ. ಏಳರ ಹತ್ತಿರ. ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ ಗುಲ್ಮ ಊದಿದೆ ಎಂದರು. ತಂಗಿಯ ಕಾಯಿಲೆಯೇ ಅಕ್ಕನಿಗೂ ಇತ್ತು. ಸುಸ್ತು ಅಂದಾಗಲೆಲ್ಲ ಗಂಡನ ಮನೆಯವರು ಸೋಮಾರಿತನ ಅಂದುಕೊಂಡಿದ್ದರು, ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ಹೊಂದುವ ರಕ್ತವನ್ನು ಕೊಟ್ಟ ಅದೇ ಅಪ್ಪ-ಅಮ್ಮ, ರೋಗವನ್ನೂ ಕೊಟ್ಟಿದ್ದರು.

"ಕೊಡೋ ಹಾಗಿಲ್ಲಮ್ಮ" ಎಂದೆ.

"ಅವ್ಳಿಗೆ ನಾಕು ಅದೆ ಅಂತೀರಿ, ನಂಗೆ ಏಳು ಅದೆ ಅಂತೀರಿ. ಏಳ್ರಲ್ಲಿ ಒಸಿ ಅವ್ಳಿಗೆ ಕೊಟ್ರೆ ಏನಾಯ್ತದೆ ಮೇಡಂ? ಮನೇಲಿ ರಾಗಿ ಇಂಗೇ ಅಂಚ್ಕತೀವಿ."

"ನಿಮ್ಮ ರಕ್ತದ ಕಣಗಳೇ ಕಾಯಿಲೆದು. ಅವಳ ಮೈಯಲ್ಲಿ ನಿಲ್ಲಲ್ಲ. ತೆಗುದ್ರೆ ನಿಮ್ಮ ಜೀವಕ್ಕೂ ಕಷ್ಟ."

ಅವಳು ಹಣ್ಣುಕಾಯಿಯ ಚೀಲವನ್ನು ಮಂಚದ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿಗೆ ಹೋದಳು. ದೇವಸ್ಥಾನಕ್ಕೆ ಹೋದಳೋ ಇಲ್ಲವೋ ಗೊತ್ತಿಲ್ಲ.

ಬೆಂಗಳೂರಿಗೆ ಮತ್ತೆ ಫೋನ್ ಮಾಡಿದೆ. ಡಾಕ್ಟರು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಹೇಳಿದರು: "ಇಬ್ಬರು ಹೆಣ್ಣುಮಕ್ಕಳೂ ಹೀಗೆ ಎಂದರೆ ಅಪ್ಪ-ಅಮ್ಮ ಇಬ್ಬರಲ್ಲೂ ಈ ಗುಣ ಗಟ್ಟಿಯಾಗಿದೆ ಅಂತ ಅರ್ಥ. ಈಗ ಅಣ್ಣನದು ಹತ್ತಕ್ಕೊಂದಲ್ಲ. ನಾಲ್ಕಕ್ಕೊಂದು ಅಂತ ಇಟ್ಟುಕೊಳ್ಳಿ."

ರಕ್ತ ಕೊಡಿ ಎಂದು ಯಾರ ಮನೆಗೂ ಹೋಗಿ ಒತ್ತಾಯ ಮಾಡಬಾರದು ಎನ್ನುವುದು ನಮ್ಮ ಕೆಲಸದ ಮೊದಲ ಪಾಠ. ಅದುವರೆಗೆ ನಾನು ಯಾರ ಮನೆ ಬಾಗಿಲಿಗೂ ಹೋದವಳಲ್ಲ. ಹೆಡತಲೆಗೆ ಹೋಗಲೇ ಎಂದು ಅವಳನ್ನು ಕೇಳಿದೆ. ತುಂಬ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಓಗಿ. ಕೇಳಿ, ಅಷ್ಟೇಯ. ಬೇಡ್ಕಬ್ಯಾಡಿ ಮೇಡಂ."

ಹೆಡತಲೆಗೆ ನಾನು ಹೋದಾಗ ಸಂಜೆಯ ಹಾಲು ಕರೆಯುವ ಹೊತ್ತು. ಅಣ್ಣ ಕೊಟ್ಟಿಗೆಯಲ್ಲಿ ಕೂತು ಕರೆಯುತ್ತಿದ್ದ. ನಲವತ್ತರ ಆಸುಪಾಸು, ಗಟ್ಟಿ ಆಳು. ಬ್ಲಡ್ ಬ್ಯಾಂಕಿನಿಂದ ಎಂದು ಹೇಳಿದ ಕೂಡಲೇ ಅವನಿಗೆ ಗೊತ್ತಾಯಿತು. ತಗಡೂರಿನಿಂದ ಸುದ್ದಿ ಬಂದಿತ್ತು ಅನ್ನಿಸುತ್ತದೆ. ಕರೆಯುವುದನ್ನು ನಿಲ್ಲಿಸಲಿಲ್ಲ.

ಹೇಳಬೇಕಾದ್ದನ್ನೆಲ್ಲ ನಿಂತುಕೊಂಡೇ ಹೇಳಿದೆ. ಮೊದಲು ಬೆರಳಿನಿಂದ ಎರಡು ಹನಿ. ಹೊಂದಿದರೆ ಒಂದು ಚೀಲ. ಯಾರಿಗೂ ಹೇಳುವುದಿಲ್ಲ, ಅವಳ ಮುಖ ನೋಡಬೇಕಾಗಿಲ್ಲ.

"ನಮ್ಮಪ್ಪ ಎಳ್ಳುನೀರು ಬುಟ್ಟು ಓದ" ಎಂದ. "ಸತ್ತೋರ್ಗೆ ರಕ್ತ ಕೊಡಕಾದದಾ?"

"ಅವ್ರು ಸತ್ತಿಲ್ಲ. ನಾಳಿದ್ದು ಸಾಯಬಾರ್ದು ಅಂತ ಬಂದಿದ್ದೀನಿ."

ಹಾಲಿನ ಸದ್ದು ಒಂದು ಕ್ಷಣ ನಿಂತಿತು. "ನಂದು ಆಗೇ ಆಯ್ತದೆ ಅಂತ ಗ್ಯಾರಂಟಿ ಅದಾ ನಿಮ್ ಲೆಕ್ಕದಲ್ಲಿ?"

"ಗ್ಯಾರಂಟಿ ಇಲ್ಲ. ನಾಲ್ಕರಲ್ಲಿ ಒಂದು ಪಾಲು."

"ಅಂದ್ರೆ ಮೂರು ಪಾಲು ಆಗಲ್ಲ."

"ಹೌದು."

"ಒಂದು ಪಾಲ್ಗೆ ನಾನು ಬಂದು, ನಾಳೆ ಊರೋರು ಎಳ್ಳುನೀರು ಬುಟ್ಟೋಳ್ನ ಮತ್ತೆ ಮನೆಗ್ ಸೇರುಸ್ಕಂಡ ಅಂತ ಆಡ್ಕಬೇಕು. ನಂಗೂ ಇಬ್ರು ಎಣ್ಣುಮಕ್ಕಳವ್ರೆ ಮೇಡಂ. ಮೂರು ಪಾಲು ನನ್ ಕಡೀಕೇ ಅದೆ, ಓಗಿ."

ಬಾಗಿಲಲ್ಲಿ ಅವನ ತಾಯಿ ನಿಂತಿದ್ದಳು. ಯಾವಾಗ ಬಂದಳೋ. "ಎಷ್ಟು ತಿಂಗ್ಳು?" ಎಂದು ಕೇಳಿದಳು.

"ಎಂಟು ದಾಟಿದೆ ಅವ್ವ."

ಮಗಳು ಬಸುರಿ ಎನ್ನುವುದೇ ಅವಳಿಗೆ ಆಗ ನನ್ನ ಮಾತಿನಿಂದ ಗೊತ್ತಾಗಿತ್ತು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಸುಕ್ಕುಗಟ್ಟಿದ ಕೈಯನ್ನು ನನ್ನ ಮುಂದೆ ಚಾಚಿದಳು. "ನಂದು ತಕ್ಕ ಮಗ. ಎಲ್ಲಾನೂ ತಕ್ಕ."

ಎಪ್ಪತ್ತರ ಹತ್ತಿರದ ಹೆಂಗಸು. ಅವಳಿಂದ ತೆಗೆಯುವ ಹಾಗಿರಲಿಲ್ಲ.

"ಒಳಕ್ಕೋಗವ್ವ" ಎಂದ ಮಗ. ಗದರಲಿಲ್ಲ, ಮೆಲ್ಲಗೆ ಹೇಳಿದ. ಅವಳು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು. ನಾನು ಬಸ್‌ಸ್ಟಾಪಿಗೆ ನಡೆದೆ. ಬೇಡಿಕೊಳ್ಳಲಿಲ್ಲ.

ವಾಪಸು ಬಂದಾಗ ಅವಳು ಕೇಳಿದ್ದು ಅಣ್ಣನ ಬಗ್ಗೆ ಅಲ್ಲ. "ಅವ್ವ ಎಂಗವ್ಳೆ?" ಎಂದಳು. ಚೆನ್ನಾಗಿದ್ದಾರೆ ಎಂದೆ. ಕೈ ಚಾಚಿದ್ದನ್ನು ಹೇಳಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಮತ್ತೆ ಗೇಟುಗಳು, ವರಾಂಡಗಳು. ಡಫಿಯ ಸೀಸೆ ಖಾಲಿಯಾಯಿತು. ಇನ್ನೊಂದು ಬರುವ ಮೊದಲೇ, ದಿನ ತುಂಬಲು ಎರಡು ವಾರ ಇರುವಾಗ, ಬೆಳಗಿನ ತಿಂಡಿಯ ಹೊತ್ತಿಗೆ ಅವಳಿಗೆ ನೋವು ಬಂತು.

ಹೆರಿಗೆ ಸುಸೂತ್ರವಾಗಿಯೇ ಆಯಿತು. ಗಂಡುಮಗು, ಕೂಗಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಪೇಂಟ್ ಕಾರ್ಖಾನೆಯವನ ಚೀಲ ಹಾಕಿದರು. ಅದು ಅವಳ ಮೈಯಲ್ಲಿ ಶಾಂತವಾಗಿ ಇಳಿಯಿತು. ಬಿಪಿ ಒಂದಿಷ್ಟು ಏರಿ ಮತ್ತೆ ಬಿತ್ತು. ಡಾಕ್ಟರು ಬಾಗಿಲಿಗೆ ಬಂದು ನನ್ನನ್ನು ನೋಡಿದರು.

"ಇನ್ನೊಂದು?"

"ಇಲ್ಲ ಡಾಕ್ಟ್ರೇ."

"ಇರೋದ್ರಲ್ಲಿ ಕಡಿಮೆ ವಿರೋಧ ಯಾವುದು?"

ಹೊಂದದ ರಕ್ತಗಳಲ್ಲೂ ಹೆಚ್ಚು ಕಡಿಮೆ ಇರುತ್ತದೆ. ಡಫಿ ಒಂದರಲ್ಲಿ ಮಾತ್ರ ಬಿದ್ದುಹೋಗಿದ್ದ ಒಬ್ಬ ಕಾಲೇಜು ಹುಡುಗಿಯ ರಕ್ತದ ಚೀಲವನ್ನು, ಇಂಥ ಗಳಿಗೆ ಬಂದೀತೆಂದು ಹೆದರಿ, ಬೇರೆ ಇಟ್ಟಿದ್ದೆ. ಟ್ಯೂಬಿನಲ್ಲಿ ಅದರ ತುಂಡುಗಳು ಬೇರೆಯವಕ್ಕಿಂತ ಸಣ್ಣವು. ಡಾಕ್ಟರು ಗಂಡನನ್ನು ಕರೆದು ಹೇಳಿದರು: ಇದನ್ನು ಕೊಡದಿದ್ದರೆ ಈಗಲೇ ಹೋಗುತ್ತಾರೆ, ಕೊಟ್ಟರೆ ಆಮೇಲೆ ಏನಾಗುತ್ತದೋ ಹೇಳಲು ಬರುವುದಿಲ್ಲ. ಅವನು "ಕೊಡಿ" ಎಂದ. ಆ ಒಂದು ಮಾತು ಹೇಳಲು ಅವನು ತೆಗೆದುಕೊಂಡ ಹೊತ್ತು ನನಗೆ ಈಗಲೂ ನೆನಪಿದೆ.

ರಕ್ತಸ್ರಾವ ನಿಂತಿತು. ಮಧ್ಯಾಹ್ನ ಅವಳು ಮಗುವನ್ನು ನೋಡಿದಳು, ಮಾತೂ ಆಡಿದಳು. ಮಾರನೆಯ ದಿನ ಚಳಿ ಬಂತು. ಮೂತ್ರ ಕಪ್ಪಾಯಿತು, ಆಮೇಲೆ ನಿಂತೇಹೋಯಿತು. ಮೈಸೂರಿಗೆ ಸಾಗಿಸಿದರು. ಡಯಾಲಿಸಿಸ್ ಮಾಡಿದರು. ನಮ್ಮ ಆಸ್ಪತ್ರೆಯ ಫೋನಿಗೆ ಸುದ್ದಿ ಬಂದಾಗ ನಾನು ಬೇರೆ ಯಾರದೋ ಕ್ರಾಸ್‌ಮ್ಯಾಚ್ ತೊಳೆಯುತ್ತಿದ್ದೆ. ಕೆಲಸವನ್ನು ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ತೊಳೆದು ಮುಗಿಸಿದೆ.

ಮಗು ನಮ್ಮಲ್ಲೇ ಉಳಿದಿತ್ತು. ತಾಯಿಯ ಮೈಯಲ್ಲಿದ್ದ ವಿರೋಧವೆಲ್ಲ ಬಸಿರಲ್ಲಿರುವಾಗಲೇ ಅದರ ಮೈಗೂ ಇಳಿದು, ಅದರ ಕೆಂಪುಕಣಗಳನ್ನು ಒಡೆಯುತ್ತಿತ್ತು. ದಿನದಿನಕ್ಕೆ ಅರಿಶಿನದಂತಾಯಿತು. ಮಕ್ಕಳ ಡಾಕ್ಟರು ರಕ್ತ ಬದಲಾಯಿಸಲೇಬೇಕು ಎಂದರು. ಬೇಕಾಗಿದ್ದ ರಕ್ತ ಯಾವುದು? ತಾಯಿಗೆ ಹೊಂದುತ್ತಿದ್ದಂಥದ್ದೇ. ಅದೇ ಓ, ಅದೇ ನಾಲ್ಕು ಗುರುತು ಇಲ್ಲದ್ದು. ಅದೇ ಇನ್ನೂರೈವತ್ತರಲ್ಲಿ ಒಬ್ಬರು. ಆ ಮಗು ಉಳಿಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಓದುವವರು ಅದಕ್ಕಾಗಿ ಉಸಿರು ಬಿಗಿಹಿಡಿಯುವುದು ಬೇಡ.

ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ನಾನು ಬೀಗ ತೆಗೆಯುವಾಗ ಬಾಗಿಲ ಮುಂದೆ ಹೆಡತಲೆಯ ಅಣ್ಣ ಕೂತಿದ್ದ. ಬಿಳಿ ಪಂಚೆ, ಕ್ಷೌರ ಮಾಡದ ಮುಖ. ಮಣ್ಣಿಗೆ ಹೋಗಿದ್ದನೋ ಇಲ್ಲವೋ ನಾನು ಕೇಳಲಿಲ್ಲ.

"ಅವ್ವ ಊಟ ಬುಟ್ಟವ್ಳೆ" ಎಂದ. "ಮಗೀಗೆ ರಕ್ತ ಬೇಕಂತಲ್ಲ. ನೋಡಿ ನಂದು."

ಬೆರಳು ಚುಚ್ಚಿದರೆ ಸಾಕಿತ್ತು. ಅವನು ಇಡೀ ತೋಳು ಚಾಚಿದ. ಮಾದರಿ ತೆಗೆದೆ. ಗುಂಪು ಓ. ಹಿಮೋಗ್ಲೋಬಿನ್ ಹದಿಮೂರು, ಕೊಡಬಹುದು. ಸಣ್ಣ ಸಿ ಇಲ್ಲ. ಕಿಡ್ ಎ ಇಲ್ಲ. ಡಫಿಯ ದ್ರಾವಣ ನನ್ನಲ್ಲಿ ಇರಲಿಲ್ಲ. ಆದರೆ 'ತಾಯಿಯ ಸೀರಮ್' ಎಂದು ಬರೆದ ಒಂದು ಸಣ್ಣ ಟ್ಯೂಬು ಐಸಿನಲ್ಲಿ ಉಳಿದಿತ್ತು. ಹಸುಗೂಸಿಗೆ ರಕ್ತ ಕೊಡುವಾಗ ತಾಯಿಯ ಸೀರಮ್ಮಿನ ಜೊತೆ ಹೊಂದಿಸಿ ನೋಡುವುದೇ ಪದ್ಧತಿ. ಅದನ್ನು ಅಂಗೈಯಲ್ಲಿ ಹಿಡಿದು ಕರಗಿಸಿದೆ.

ನೀರಿನ ತೊಟ್ಟಿಯಲ್ಲಿ ಟ್ಯೂಬು ನಿಂತಿರುವಷ್ಟು ಹೊತ್ತೂ ಅವನು ಹೊರಗಿನ ಬೆಂಚಿನ ಮೇಲೆ ಕೂರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಕೈ ನೋಡುತ್ತಿದ್ದ. ತೊಳೆದೆ. ಕೂಂಬ್ಸ್ ಹಾಕಿದೆ. ತಿರುಗಿಸಿದೆ. ಬೆರಳಿನಿಂದ ತಟ್ಟಿದೆ. ಕಣಗಳು ಹೊಗೆಯಂತೆ ಎದ್ದವು, ಒಂದು ತುಂಡೂ ಇಲ್ಲದೆ. ಇಲ್ಲ ಎನ್ನುವ ಫಲಿತಾಂಶ ನಿಜವೋ ಸುಳ್ಳೋ ತಿಳಿಯಲು ಅದೇ ಟ್ಯೂಬಿಗೆ ಗುಂಪುಗಟ್ಟಲೇಬೇಕಾದ ಬೇರೆ ಕಣಗಳನ್ನು ಹಾಕಿ ನೋಡುವ ಒಂದು ಪರೀಕ್ಷೆಯಿದೆ. ಅದನ್ನೂ ಮಾಡಿದೆ. ಆ ಕಣಗಳು ಗುಂಪುಗಟ್ಟಿದವು. ಫಲಿತಾಂಶ ನಿಜ.

"ಹೊಂದ್ತದೆ" ಎಂದೆ.

ಅವನು ತಲೆಯಾಡಿಸಿದ. ಮಂಚದ ಹತ್ತಿರ ಹೋದವನು ತಿರುಗಿ ಬಂದ. "ನೀವು ಕೈಯಲ್ಲಿ ಇಡ್ಕಂಡಿದ್ರಲ್ಲ ಐಸ್‌ದು, ಅದು ಮಗೀದಾ?"

"ಅಲ್ಲ."

"ಅವ್ಳ್ದಾ?"

"ಹೂಂ."

ಹೊರಗೆ ಆಸ್ಪತ್ರೆಯ ಗೇಟಿನಲ್ಲಿ ಆಟೋದವರು ಯಾರನ್ನೋ ಕೂಗುತ್ತಿದ್ದರು. "ಅಂಗಾರೆ ಅವ್ಳಿಗೂ ಆಯ್ತಿತ್ತು" ಎಂದ. ಅದು ಪ್ರಶ್ನೆಯೂ ಆಗಿತ್ತು. ನಾಲ್ಕರಲ್ಲಿ ಒಂದು ಪಾಲು ಎಂದು ಹೇಳಿ ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಪರೀಕ್ಷೆ ಮಾಡಿದ ಮೇಲೆ ಪಾಲು ಉಳಿಯುವುದಿಲ್ಲ.

"ಹೊಂದ್ತಿತ್ತು" ಎಂದೆ.

ಅವನು ಮಂಚದ ಮೇಲೆ ಮಲಗಿದ. ಸೂಜಿ ಚುಚ್ಚುವಾಗ ಅಲುಗಲಿಲ್ಲ. ಮುಷ್ಟಿ ಬಿಗಿದು ಬಿಡಿ ಎಂದರೆ ಬಿಗಿದ, ಬಿಡಲಿಲ್ಲ. ಎರಡು ಮೂರು ಸಲ ಹೇಳಬೇಕಾಯಿತು. ಚೀಲ ತುಂಬಿದ ಮೇಲೂ ಮಲಗೇ ಇದ್ದ. ಕಾಫಿ ಕೊಟ್ಟೆ. ಮುಟ್ಟಲಿಲ್ಲ.

ಹತ್ತಿರದ ಸಂಬಂಧಿಯ ರಕ್ತವನ್ನು ಹಸುಗೂಸಿಗೆ ಹಾಗೇ ಕೊಡಬಾರದು; ಅದರ ಬಿಳಿಕಣಗಳು ಮಗುವಿನ ಮೈಯ ಮೇಲೇ ತಿರುಗಿ ಬೀಳುವ ಅಪಾಯವಿದೆ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವಿಕಿರಣದ ಯಂತ್ರದ ಕೆಳಗಿಟ್ಟು ತರಬೇಕಿತ್ತು. ಐಸಿನ ಪೆಟ್ಟಿಗೆ ತೆಗೆದುಕೊಂಡು ಹೋಗಲು ಮೇಷ್ಟ್ರು ಬಂದು ಬಾಗಿಲ ಹೊರಗೆ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು ಇರಬೇಕು. ನಾನು ಮೈಸೂರಿನವರಿಗೆ ಚೀಟಿ ಬರೆಯಬೇಕಿತ್ತು: ಯಾವ ಗುಂಪು, ಎಷ್ಟು ರಕ್ತ, ಕೊಟ್ಟವರಿಗೂ ಮಗುವಿಗೂ ಏನು ಸಂಬಂಧ. ನನಗೆ ಗೊತ್ತಿದ್ದರೂ ಕೇಳದೆ ಬರೆಯುವುದು ಸರಿಕಾಣಲಿಲ್ಲ.

"ಮಗುಗೆ ನೀವು ಏನಾಗಬೇಕು?"

ಅವನು ಎದ್ದು ಕೂತ. ಬಾಗಿಲ ಕಡೆ ನೋಡಿ, ಮೇಷ್ಟ್ರನ್ನು ಕೇಳಿದ.

"ಸ್ವಾದರಮಾವ ಅಂತ ಬರುಸ್ಬೌದಾ?"

ಮೇಷ್ಟ್ರು ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಅವನ ಶರ್ಟಿನ ಮೇಲಿನ ಗುಂಡಿ ಅವತ್ತು ಹಾಕಿರಲಿಲ್ಲ. ಅವನು ಅಣ್ಣನ ಕಡೆ ನೋಡಲಿಲ್ಲ.

"ಬರ್ಕೊಳ್ಳಿ ಮೇಡಂ" ಎಂದ. "ಬಸ್ಸಿಗೆ ಹೊತ್ತಾಯ್ತು."